ಎರಡು ಪವನಿನ ಸೈಕಲ್

೬ ಅಕ್ಟೋಬರ್ ೨೦೨೫, ಸೋಮವಾರ
ಬಿಪಿ ೧೫೨/೯೪

ಈ ಡೈರಿ ಸಹಕಾರಿ ಸಂಘದವರು ವರ್ಷದ ಮೊದಲಿಗೆ ಪುಕ್ಕಟೆ ಕೊಟ್ಟದ್ದು. ಒಂಬತ್ತು ತಿಂಗಳು ಫ್ರಿಜ್ಜಿನ ಮೇಲೆ ಬಿದ್ದುಕೊಂಡಿತ್ತು. ನಿನ್ನೆ ಮಗಳು ಅಕ್ಷಿತಾ ಅದರ ಧೂಳು ಒರೆಸಿ ನನ್ನ ಕೈಗಿತ್ತಳು. ಫಳ್ನೀರಿನ ಆಸ್ಪತ್ರೆಯಲ್ಲಿ ನನಗೆ ಸ್ಟೆಂಟ್ ಹಾಕಿದ ಡಾಕ್ಟರು ಮನೆಗೆ ಬಿಡುವಾಗ ಮೂರು ಮಾತು ಹೇಳಿದ್ದರು: ಭಾರ ಎತ್ತಬಾರದು, ಉಪ್ಪು ಕಡಿಮೆ, ಕೋಪ ಬೇಡವೇ ಬೇಡ. ಮೊದಲಿನ ಎರಡನ್ನು ಹೆಂಡತಿ ಹೇಮಾಕ್ಷಿ ಕಾವಲು ಕಾಯುತ್ತಾಳೆ. ಮೂರನೆಯದಕ್ಕೆ ಮಗಳ ಉಪಾಯ ಈ ಡೈರಿ. ಕೋಪ ಬಂದಾಗ ಬಾಯಿಯ ಬದಲು ಪೆನ್ನು ತೆರೆಯಬೇಕಂತೆ. ಅವಳು ಅದೇ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಮಾತು ಮೀರುವ ಹಾಗಿಲ್ಲ. ನನಗೆ ಬೈಯಲು ತುಳು ಬೇಕು. ಬರೆಯಲು ಬರುವುದು ಶಾಲೆಯಲ್ಲಿ ಕಲಿತ ಕನ್ನಡ. ಹಾಗಾಗಿ ಇಲ್ಲಿ ಬೈಗುಳ ಸ್ವಲ್ಪ ಸಪ್ಪೆಯಾಗಿಯೇ ಇರುತ್ತದೆ.

ಇವತ್ತಿನ ಕೋಪ ಮುಖೇಶನ ಮೇಲೆ. ಹೇಮಾಕ್ಷಿಯ ತಮ್ಮ. ನನ್ನನ್ನು ನೋಡಲು ಅರ್ಧ ಡಜನ್ ಕಿತ್ತಳೆ ಹಿಡಿದುಕೊಂಡು ಬಂದಿದ್ದ. ನಾನು ಮಹಡಿ ಹತ್ತಬಾರದೆಂದು ಕೆಳಗೆ ಮೆಟ್ಟಿಲ ಅಡಿಯಲ್ಲೊಂದು ಬಾತ್‌ರೂಮ್ ಮಾಡಿಸುವ ಮಾತು ನಡೆಯುತ್ತಿದೆ. ಅಲ್ಲಿ ಈಗ ನನ್ನ ಸೈಕಲ್ ನಿಂತಿದೆ. ಹಾಗಾದರೆ ಆ ಎರಡು ಪವನನ್ನು ಎಲ್ಲಿಡುವುದು ಎಂದು ಹೇಮಾಕ್ಷಿ ಕೇಳಿದಳು. "ಗುಜರಿಗೆ ಹಾಕಿ ಭಾವ, ಕಿಲೋಗೆ ಮೂವತ್ತು ಸಿಗ್ತದೆ" ಎಂದ ಮುಖೇಶ. ಹೇಳಿ ತಾನೇ ನಕ್ಕ. ಹೇಮಾಕ್ಷಿ ನಗಲಿಲ್ಲ, ಎದ್ದು ಒಳಗೆ ಹೋಗಿ ಕಾಫಿ ತಂದಳು. ಅವನ ಕಾಫಿಗೆ ಸಕ್ಕರೆಯೇ ಹಾಕಿರಲಿಲ್ಲ. ಅವಳಿಗೂ ಮರೆವು ಶುರುವಾಗಿದೆ.

ಈ ಎರಡು ಪವನಿನ ಕಥೆಯನ್ನೂ ಬರೆದುಬಿಡುತ್ತೇನೆ, ಕೋಪದ ಬೇರು ಇರುವುದೇ ಅಲ್ಲಿ. ನಾನು ಇಪ್ಪತ್ತೇಳು ವರ್ಷ ಬಹ್ರೈನಿನಲ್ಲಿ ಎಸಿ ಮೆಕ್ಯಾನಿಕ್ ಆಗಿದ್ದವನು. ಮದುವೆಯಾದ ಮೇಲಿನ ಮೊದಲ ರಜೆ ೧೯೮೮ರಲ್ಲಿ. ಬರುವಾಗ ಎರಡು ಪವನಿನ ಚಿನ್ನದ ಬಳೆ ತನ್ನಿ ಎಂದು ಹೇಮಾಕ್ಷಿ ಕಾಗದ ಬರೆದಿದ್ದಳು. ನಾನು ಬಳೆಯ ದುಡ್ಡಿಗೆ ಸೈಕಲ್ ತಂದೆ. ಅವತ್ತಿನಿಂದ ನೆಂಟರಿಷ್ಟರಲ್ಲಿ ಅದಕ್ಕೆ ಇದೇ ಹೆಸರು. "ಎರಡು ಪವನು ಹೇಗುಂಟು?" ಎಂದು ಕೇಳುವವರು ಈಗಲೂ ಇದ್ದಾರೆ. ಮೂವತ್ತೇಳು ವರ್ಷದಿಂದ ಕೇಳಿಸಿಕೊಳ್ಳುತ್ತಾ ಬಂದಿದ್ದೇನೆ.

ಇನ್ನು ಸಾಕು. ತಿಳಿದವರಿಂದ ಬೆಲೆ ಕಟ್ಟಿಸುತ್ತೇನೆ. ಆ ಬೆಲೆಯನ್ನು ಹೇಮಾಕ್ಷಿಯ ಎದುರು ಹೇಳಿಸುತ್ತೇನೆ. ಬಳೆಗಿಂತ ಒಂದು ರೂಪಾಯಿ ಹೆಚ್ಚು ಬಂದರೂ ಸಾಕು, ಆ ಹೆಸರು ಅಲ್ಲಿಗೆ ನಿಲ್ಲಬೇಕು.

೮ ಅಕ್ಟೋಬರ್, ಬುಧವಾರ
ಬಿಪಿ ೧೪೮/೯೨

ಸೈಕಲನ್ನು ಅಂಗಳಕ್ಕೆ ತರಿಸಿದೆ. ಭಾರ ಎತ್ತಬಾರದೆಂದು ಅಕ್ಷಿತಾಳೇ ತಂದಳು, ಒಂದೇ ಕೈಯಲ್ಲಿ. ಅದೇ ಅದರ ದೊಡ್ಡಸ್ತಿಕೆ. ಗಲ್ಫಿಗೆ ಹೋಗಿಬಂದವರ ಮನೆಯಲ್ಲೆಲ್ಲ ಇರುವ ಲಗೇಜು ತೂಗುವ ಕೊಕ್ಕೆಗೆ ಸಿಕ್ಕಿಸಿ ನೋಡಿದೆವು. ಹತ್ತು ಕಿಲೋ ಕೂಡ ಇಲ್ಲ. ಹಾಲಿನವನ ಸೈಕಲ್ ಇಪ್ಪತ್ತು ದಾಟುತ್ತದೆ. ಟಯರುಗಳು ಮಾತ್ರ ಕೊಳೆತು ಯಾವತ್ತೋ ಹೋಗಿವೆ, ಬರಿಯ ರಿಮ್ಮಿನ ಮೇಲೆ ನಿಂತಿದೆ.

ಅದು ನಮ್ಮ ಕಂಪೆನಿಯ ಇಂಗ್ಲಿಷ್ ಇಂಜಿನಿಯರನದು. ರಸ್ತೆ ಓಟದ ಸೈಕಲ್, ಕುರಿಯ ಕೊಂಬಿನ ಹಾಗೆ ಬಗ್ಗಿದ ಹ್ಯಾಂಡಲ್. ಬೆಳಿಗ್ಗೆ ಐದಕ್ಕೆ ಬಿಸಿಲು ಏರುವ ಮೊದಲು ಅವನು ಮೂವತ್ತು ಮೈಲು ಹೊಡೆದು ಬರುತ್ತಿದ್ದ. ಒರೆಸಿ ಇಡುವ ಕೆಲಸ ನಾನು ಕೇಳಿ ತೆಗೆದುಕೊಂಡದ್ದು. ಎರಡು ಬೆರಳಲ್ಲಿ ಎತ್ತಿದ ಮೊದಲ ದಿನವೇ ಮನಸ್ಸು ಅದರಲ್ಲಿ ನೆಟ್ಟುಹೋಗಿತ್ತು. ಅವನು ಊರಿಗೆ ಹೋಗುವಾಗ ಎಂಬತ್ತು ದಿನಾರಿಗೆ ಕೊಟ್ಟ. ಚಕ್ರ ಬಿಚ್ಚಿ ಪೆಟ್ಟಿಗೆ ಮಾಡಿ ಬೊಂಬಾಯಿಗೆ ವಿಮಾನದಲ್ಲಿ, ಅಲ್ಲಿಂದ ಮಂಗಳೂರಿಗೆ ಬಸ್ಸಿನ ತಲೆಯ ಮೇಲೆ ತಂದೆ. ಕಸ್ಟಮ್ಸಿನವನು ಒಳಗೆ ಚಿನ್ನ ಇರಬಹುದೆಂದು ಪೈಪನ್ನು ಬಡಿದು ಬಡಿದು ನೋಡಿದ. ಚಿನ್ನ ಇರಲಿಲ್ಲ ಎಂದು ಅವನಿಗೂ ಬೇಸರ, ಮನೆಯಲ್ಲಿ ಹೇಮಾಕ್ಷಿಗೂ ಬೇಸರ.

ಆ ರಜೆಯಲ್ಲಿ ದಿನಾ ಬೆಳಿಗ್ಗೆ ಕೊಟ್ಟಾರದಿಂದ ಬಂದರಿಗೆ ಹೋಗಿ ಮೀನು ತರುತ್ತಿದ್ದೆ. ಜನ ನಿಂತು ನೋಡುತ್ತಿದ್ದರು. ಐವತ್ತು ದಿನ ಅಷ್ಟೇ. ಮತ್ತೆ ವಿಮಾನ ಹತ್ತಿದೆ. ಮುಂದಿನ ರಜೆಗೆ ಬರುವಾಗ ಟಯರು ಹೋಗಿತ್ತು, ಆ ಅಳತೆಯದು ಈ ಊರಿನಲ್ಲಿ ಸಿಗಲಿಲ್ಲ.

ಇಷ್ಟು ವರ್ಷವಾದರೂ ಉಪ್ಪುಗಾಳಿಯ ಊರಿನಲ್ಲಿ ತುಕ್ಕು ಹಿಡಿದಿಲ್ಲ. ನಮ್ಮ ಗೇಟು ಮೂರು ಸಲ ಬದಲಾಗಿದೆ. ವಿಲಾಯತಿ ಉಕ್ಕು ಎಂದರೆ ಅದು. ಆರಿಸಿದ್ದು ಯಾರು?

ಬಣ್ಣ ಮಾತ್ರ ಮಾಸಿದೆ. ಸ್ಟಿಕ್ಕರೂ ಇಲ್ಲ. ನೀಲಿ ಪೇಂಟ್ ಒಂದು ಡಬ್ಬಿ ತರಲು ಹೇಳಿದ್ದೇನೆ. ಬೆಲೆ ಕಟ್ಟುವವರ ಮುಂದೆ ಮದುಮಗನ ಹಾಗೆ ನಿಲ್ಲಬೇಕು.

೧೧ ಅಕ್ಟೋಬರ್, ಶನಿವಾರ
ಬಿಪಿ ೧೫೦/೯೦

ಬೆಳಿಗ್ಗೆ ಪೇಂಟಿನ ಡಬ್ಬಿ ಇತ್ತು, ಬ್ರಶ್ ಇರಲಿಲ್ಲ. ಹೇಮಾಕ್ಷಿ ಅಡಗಿಸಿಟ್ಟಿದ್ದಳು. ಮೊದಲು ತಿಳಿದವರಿಗೆ ತೋರಿಸಿ ಬನ್ನಿ, ಆಮೇಲೆ ಬಣ್ಣವೋ ಸುಣ್ಣವೋ ನೋಡುವ ಎಂದಳು. ಮೆಕ್ಯಾನಿಕ್ ನಾನು, ಬುದ್ಧಿ ಹೇಳುವುದು ಬ್ಲೌಸು ಹೊಲಿಯುವವಳು. ಬಾಯಿ ಮುಚ್ಚಿಕೊಂಡು ಗೂಡ್ಸ್ ಟೆಂಪೊ ಮಾಡಿ ಬಂದರಿಗೆ ಹೋದೆ.

ಮೊಯ್ದೀನಬ್ಬರ ಸೈಕಲ್ ಅಂಗಡಿ ದೋಣಿ ನಿಲ್ಲುವ ದಕ್ಕೆಗೆ ಹೋಗುವ ದಾರಿಯಲ್ಲಿ, ಮೆಣಸಿನ ಗೋದಾಮಿನ ಪಕ್ಕ. ಎಪ್ಪತ್ತೈದು ದಾಟಿದೆ, ಈಗ ಪಂಕ್ಚರು ಮಾತ್ರ ಹಾಕುತ್ತಾರೆ. ಆದರೆ ಹಿಂದೆ ಹಡಗಿನ ಬಿಳಿಯರು ಬಿಟ್ಟುಹೋದ ಸೈಕಲುಗಳನ್ನೆಲ್ಲ ಬಿಚ್ಚಿ ಕಟ್ಟಿದ ಕೈ. ನನ್ನ ಸೈಕಲ್ ಕಂಡದ್ದೇ ಕೈಯಲ್ಲಿದ್ದ ಟ್ಯೂಬನ್ನು ಕೆಳಗಿಟ್ಟರು. ನನಗೆ ಅಷ್ಟೇ ಸಾಕಾಗಿತ್ತು, ಆದರೆ ಅವರು ಮುಂದುವರಿಸಿದರು. ಬೆರಳಿನ ಗಂಟಿನಿಂದ ಪೈಪಿಗೆ ಹೊಡೆದು ಕಿವಿ ಕೊಟ್ಟರು. ಪೈಪು ಪೈಪು ಕೂಡುವ ಕಡೆ ಇರುವ ಉಕ್ಕಿನ ತೋಳಿನ ಅಂಚನ್ನು ಉಗುರಿನಿಂದ ಸವರಿ, ಇದು ಕೈಯಲ್ಲಿ ಅರ ಹಾಕಿ ತೆಳು ಮಾಡಿದ್ದು, ಫ್ಯಾಕ್ಟರಿಯದಲ್ಲ ಎಂದರು. ಹಿಂದಿನ ಗೇರಿನ ಮೇಲೆ ಪೇಟೆಂಟ್ ೭೭ ಎಂಬ ಅಚ್ಚನ್ನು ಭೂತಗನ್ನಡಿಯಲ್ಲಿ ಓದಿದರು. ಗೇರು ಆ ವರ್ಷದ್ದು, ಸೈಕಲೂ ಆಚೆ ಈಚೆ ಅದೇ ಸಮಯದ್ದು ಎಂದು ಅದರ ಅರ್ಥ.

ಆಮೇಲೆ ಸೀಟಿನ ಕಂಬ ಹೊರಗೆಳೆದು ವರ್ನಿಯರಿನಲ್ಲಿ ಅಳೆದರು. ಇಪ್ಪತ್ತೇಳು ಪಾಯಿಂಟ್ ಎರಡು ಮಿಲಿಮೀಟರ್. ಹೊರಗಿನಿಂದ ಪೈಪು ಎಲ್ಲ ಒಂದೇ ಹಾಗೆ ಕಾಣುತ್ತದೆ, ಆದರೆ ಗೋಡೆ ತೆಳುವಾದಷ್ಟು ಒಳಗಿನ ಬಾಯಿ ದೊಡ್ಡದಾಗುತ್ತದೆ. ಈ ಅಳತೆ ಇದೆಯೆಂದರೆ ಒಳ್ಳೆಯ ಪೈಪು, ೫೩೧ ನಂಬರಿನ ಇಂಗ್ಲಿಷ್ ಪೈಪೇ ಇರಬೇಕು ಎಂದರು. ಆ ಅಳತೆಯನ್ನು ಆಸ್ಪತ್ರೆಯ ಚೀಟಿಯ ಹಿಂದೆ ಬರೆಸಿಕೊಂಡೆ.

ಕಂಬದಲ್ಲಿ ಎಣ್ಣೆ ಹತ್ತಿತ್ತು. ಮೂಸಿ ನೋಡಿ, "ಒಳಗೆ ಎಣ್ಣೆ ಬಿಟ್ಟಿದ್ದೀರಲ್ಲ ಜಯಣ್ಣ, ಗಲ್ಫಿನಲ್ಲಿ ಕಲಿತದ್ದಾ?" ಎಂದು ಕೇಳಿದರು. ಹೂಂ ಎಂದೆ. ಬೇರೆ ಯಾರು ಬಿಟ್ಟಿರುತ್ತಾರೆ? ಎಂಬತ್ತೆಂಟರಲ್ಲಿ ನಾನೇ ಬಿಟ್ಟದ್ದಿರಬಹುದು.

ಪೇಂಟಿನ ಮಾತೆತ್ತಿದಾಗ ಅವರು ಕೈ ಅಡ್ಡ ಹಿಡಿದರು. ಹಳೆಯ ಬಣ್ಣದ ಮೇಲೆ ಬ್ರಶ್ ಇಟ್ಟರೆ ಅರ್ಧ ಬೆಲೆ ಅಲ್ಲಿಗೇ ಹೋಯಿತಂತೆ. ಇದನ್ನು ಹೇಮಾಕ್ಷಿಗೆ ಹೇಳಲಿಲ್ಲ.

ಒಂದೇ ಕೊರತೆ. ಹ್ಯಾಂಡಲಿನ ಕೆಳಗೆ, ಸೈಕಲಿನ ಹಣೆಯಲ್ಲಿ, ಎರಡು ಸಣ್ಣ ತೂತು ಇವೆ. ಅಲ್ಲೊಂದು ಹಿತ್ತಾಳೆಯ ಬಿಲ್ಲೆ ಇದ್ದಿರಬೇಕು, ಕಟ್ಟಿದವನ ಗುರುತು. "ಬಿಲ್ಲೆ ಇಲ್ಲದಿದ್ದರೆ ಇದು ಒಳ್ಳೆಯ ಸೈಕಲ್. ಬಿಲ್ಲೆ ಉಂಟಾದ್ರೆ ಇದು ಇಂಥವರ ಸೈಕಲ್" ಎಂದರು ಮೊಯ್ದೀನಬ್ಬ. ಮನೆಯಲ್ಲೇ ಎಲ್ಲೋ ಇರಬೇಕು.

೧೨ ಅಕ್ಟೋಬರ್, ಭಾನುವಾರ
ಬಿಪಿ ೧೫೮/೯೬

ಮೆಟ್ಟಿಲ ಅಡಿ, ಅಟ್ಟ, ಟೂಲ್ಸಿನ ಪೆಟ್ಟಿಗೆ, ಹಳೆಯ ಸೂಟ್‌ಕೇಸು ನಾಲ್ಕು. ಬಿಲ್ಲೆ ಇಲ್ಲ. ಬಹ್ರೈನಿನ ಬಸ್ ಟಿಕೆಟು ಸಿಕ್ಕಿತು.

೧೪ ಅಕ್ಟೋಬರ್, ಮಂಗಳವಾರ
ಬಿಪಿ ೧೬೦/೯೮

ಕೋಪ ಮಾಡಿದೆ. ಡೈರಿಯಲ್ಲಿ ಅಲ್ಲ, ಬಾಯಿಯಲ್ಲೇ. ನೀನೇ ಗುಡಿಸಿ ಬಿಸಾಡಿರಬೇಕು ಎಂದು ಹೇಮಾಕ್ಷಿಗೆ ಹೇಳಿದೆ. ನನ್ನ ವಸ್ತುವೆಂದರೆ ಈ ಮನೆಯಲ್ಲಿ ಯಾರಿಗೂ ಲಕ್ಷ್ಯವಿಲ್ಲ ಎಂದೂ ಹೇಳಿದೆ. ಅವಳು ಹೊಲಿಗೆ ಮಿಷನಿನ ಮುಂದೆ ಕೂತು ಸಂಜೆಯವರೆಗೆ ತುಳಿದಳು.

೧೭ ಅಕ್ಟೋಬರ್, ಶುಕ್ರವಾರ

ಬರೆಯಲು ಏನೂ ಇಲ್ಲ. ಅವಳು ಮಾತಾಡುತ್ತಿಲ್ಲ. ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ಮೇಜಿನ ಮೇಲೆ ಇಡುತ್ತಾಳೆ.

೨೦ ಅಕ್ಟೋಬರ್, ಸೋಮವಾರ. ದೀಪಾವಳಿ

ಬಿಲ್ಲೆ ಸಿಕ್ಕಿತು. ಸಿಕ್ಕಿದ ಜಾಗವನ್ನು ಬರೆಯಲು ನಾಚಿಕೆಯಾಗುತ್ತದೆ, ಬರೆಯದಿರಲೂ ಆಗುವುದಿಲ್ಲ.

ಎಣ್ಣೆಸ್ನಾನ ಮುಗಿದ ಮೇಲೆ ಹೇಮಾಕ್ಷಿ ದೇವರ ಕೋಣೆಯ ಹಿತ್ತಾಳೆ ಸಾಮಾನನ್ನೆಲ್ಲ ಹುಣಸೆಹುಳಿ ಹಾಕಿ ತಿಕ್ಕಿದಳು. ಒರೆಸುವ ಕೆಲಸ ನನಗೆ, ಭಾರವಿಲ್ಲದ್ದು ಎಂದು. ದೀಪ, ಗಂಟೆ, ಆರತಿ ತಟ್ಟೆ, ಆಮೇಲೆ ಗರುಡ. ಅಂಗೈಯ ಅರ್ಧದಷ್ಟು ಇರುವ ರೆಕ್ಕೆ ಬಿಚ್ಚಿದ ಗರುಡ, ನಮ್ಮ ದೇವರ ಪಟದ ಬುಡದಲ್ಲಿ ಯಾವಾಗಲೂ ಇರುವವನು. ಗಂಧ ಮೆತ್ತಿ ಮೆತ್ತಿ ಅವನ ಮುಖವನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ. ಇವತ್ತು ಗಂಧ ಪೂರ್ತಿ ಬಿಟ್ಟಿತ್ತು. ರೆಕ್ಕೆಯ ತುದಿಯಲ್ಲಿ ಎರಡು ತೂತು. ಕಾಲಿನ ಕೆಳಗೆ ಇಂಗ್ಲಿಷ್ ಅಕ್ಷರ: ಡಬ್ಲ್ಯು. ಹ್ಯಾರೋಪ್, ಶೆಫೀಲ್ಡ್.

ನಾನು ಊರಿಗೆ ಬಂದು ನೆಲೆಸಿದ ಮೇಲೆ ಹದಿನೇಳು ವರ್ಷದಿಂದ ದಿನಾ ಬೆಳಿಗ್ಗೆ ಸ್ನಾನ ಮಾಡಿ ಕೈ ಮುಗಿಯುತ್ತಾ ಬಂದದ್ದು ನನ್ನ ಸೈಕಲಿನ ಬಿಲ್ಲೆಗೆ.

ಹೇಮಾಕ್ಷಿಯನ್ನು ಕರೆದು ತೋರಿಸಿದೆ. ಆರು ದಿನದ ಮೇಲೆ ಅವಳು ಬಾಯಿ ಬಿಟ್ಟದ್ದು ಆಗಲೇ. ನಾನು ಮೊದಲ ರಜೆ ಮುಗಿಸಿ ಹೋದ ಮಳೆಗಾಲದಲ್ಲಿ ನನ್ನ ಅಮ್ಮನಿಗೆ ಅದು ಮೆಟ್ಟಿಲ ಬುಡದಲ್ಲಿ ಸಿಕ್ಕಿತಂತೆ. ಮಗ ವಿಮಾನ ಹತ್ತಿದ ತಿಂಗಳಲ್ಲೇ ಗರುಡ ತಾನಾಗಿ ಮನೆಗೆ ಬಂದಿದ್ದಾನೆ, ಅವನನ್ನು ಕಾಯುತ್ತಾನೆ ಎಂದು ಅಮ್ಮ ಅದನ್ನು ಒಳಗೆ ತೆಗೆದುಕೊಂಡು ಹೋಗಿ ಇಟ್ಟರು. ಅಮ್ಮ ತೀರಿಹೋದ ಮೇಲೆ ಹೂವಿಡುತ್ತಾ ಬಂದವಳು ಹೇಮಾಕ್ಷಿ. ಸೈಕಲಿನದೆಂದು ಅವಳಿಗೂ ಗೊತ್ತಿರಲಿಲ್ಲ. ಹೇಳುತ್ತಾ ಹೇಳುತ್ತಾ ನಗಲು ಶುರು ಮಾಡಿದಳು, ನನಗೂ ತಡೆಯಲಾಗಲಿಲ್ಲ. ಅಕ್ಷಿತಾ ಓಡಿ ಬಂದು ಇಬ್ಬರಿಗೂ ಏನಾಯಿತೆಂದು ನೋಡಿದಳು.

ಬಿಲ್ಲೆಯನ್ನು ವಾಪಸು ಸೈಕಲಿಗೆ ಹಾಕುವ ಎಂದೆ. ಅವಳು ಒಪ್ಪಲಿಲ್ಲ. ಅಷ್ಟು ವರ್ಷ ಹೂವು ಇಟ್ಟದ್ದನ್ನು ಹೊರಗೆ ನಿಲ್ಲಿಸಲಿಕ್ಕಿಲ್ಲ, ನೋಡಬೇಕಾದವರು ಕಾಲು ತೊಳೆದು ಒಳಗೆ ಬಂದು ನೋಡಲಿ ಎಂದಳು. ಸರಿ ಎಂದೆ. ಹದಿನಾಲ್ಕನೆಯ ತಾರೀಕಿನ ನನ್ನ ಮಾತು ತಪ್ಪು ಎಂದೂ ಹೇಳಿದೆ. ಅವಳು ಕೇಳದವಳ ಹಾಗೆ ಗಂಟೆಯನ್ನು ಇನ್ನೊಮ್ಮೆ ತಿಕ್ಕಿದಳು.

೨೮ ಅಕ್ಟೋಬರ್, ಮಂಗಳವಾರ

ಅಕ್ಷಿತಾ ಫೋಟೊಗಳನ್ನು ಹಳೆಯ ಸೈಕಲಿನವರ ಗುಂಪಿಗೆ ಹಾಕಿದ್ದಳು. ಬಿಜೈಯ ಮೋಹನದಾಸ್ ಎಂಬವರು ಫೋನ್ ಮಾಡಿದರು. ಹಡಗಿನಲ್ಲಿ ಇಂಜಿನಿಯರ್ ಆಗಿದ್ದವರು, ಮನೆಯಲ್ಲಿ ಇಪ್ಪತ್ತಮೂರು ಹಳೆಯ ಸೈಕಲ್ ಇಟ್ಟುಕೊಂಡಿದ್ದಾರೆ, ಕೊಳ್ಳುತ್ತಾರೆ ಕೂಡ. ಹ್ಯಾರೋಪ್ ಎಂಬುದು ಅಪ್ಪ ಮಗ ಇಬ್ಬರೇ ಇದ್ದ ಸಣ್ಣ ಅಂಗಡಿ, ಮುಚ್ಚಿ ನಲವತ್ತು ವರ್ಷವಾಯಿತು, ಅವರ ಕೈಯ ಸೈಕಲ್ ಈ ದೇಶದಲ್ಲಿ ಇನ್ನೊಂದು ಇರುವುದು ತನಗೆ ಗೊತ್ತಿಲ್ಲ ಎಂದರು. ಫೋನಿನ ಸ್ಪೀಕರ್ ಹಾಕಿಸಿ ಇನ್ನೊಮ್ಮೆ ಹೇಳಿಸಿದೆ, ಅಡುಗೆಮನೆಗೆ ಕೇಳುವ ಹಾಗೆ. ಒಗ್ಗರಣೆಯ ಸದ್ದು ನಿಂತಿತು. ಕೇಳಿಸಿದೆ ಎಂದು ಅರ್ಥ.

ಜೊತೆಗೆ ಇನ್ನೊಂದು ಮಾತೂ ಹೇಳಿದರು. ಬೆಲೆಯನ್ನು ಪೈಪಿನ ಒಳಗೆ ನೋಡಿಯೇ ಹೇಳುತ್ತಾರಂತೆ. ಹೊರಗೆ ಚಂದ ಇದ್ದು ಒಳಗೆ ತುಕ್ಕು ತಿಂದದ್ದೇ ಸಮುದ್ರದ ಊರಿನಲ್ಲಿ ಹೆಚ್ಚು. ಮುಂದಿನ ತಿಂಗಳು ಹದಿನಾರಕ್ಕೆ ಬರುತ್ತಾರೆ. ನಾನು ಹೇಳಬೇಕಾದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಬಾಯಿಪಾಠ ಮಾಡುತ್ತಿದ್ದೇನೆ. ಗೇರಿನ ಕಂಪೆನಿಯ ಇಟಲಿ ಹೆಸರು ನಾಲಗೆಗೆ ಬರುವುದಿಲ್ಲ.

೭ ನವೆಂಬರ್, ಶುಕ್ರವಾರ

ಊಟದ ನಂತರ ಮಲಗಿದವನಿಗೆ ಇವತ್ತು ನಿದ್ದೆ ಹತ್ತಲಿಲ್ಲ. ನೀರು ಕುಡಿಯಲು ಎದ್ದೆ. ಮೆಟ್ಟಿಲ ಅಡಿಯಲ್ಲಿ ಹೇಮಾಕ್ಷಿ ಕುಳಿತಿದ್ದಳು. ಹೊಲಿಗೆ ಮಿಷನಿಗೆ ಎಣ್ಣೆ ಬಿಡುವ ಉದ್ದ ಮೂತಿಯ ಡಬ್ಬಿ ಅವಳ ಕೈಯಲ್ಲಿತ್ತು. ಸೀಟಿನ ಬೋಲ್ಟನ್ನು ಸಡಿಲಿಸಿ, ಕಂಬವನ್ನು ತಿರುಗಿಸುತ್ತಾ ಮೇಲೆಳೆದು, ಪೈಪಿನ ಬಾಯಿಗೆ ಡಬ್ಬಿಯ ಮೂತಿ ಇಟ್ಟು ಅಮುಕಿದಳು. ಎಣಿಸುತ್ತಿದ್ದಳು, ತುಟಿ ಅಲ್ಲಾಡುತ್ತಿತ್ತು. ಆಮೇಲೆ ಸೈಕಲನ್ನು ಮಗುವನ್ನು ತಿರುಗಿಸಿ ಮಲಗಿಸುವ ಹಾಗೆ ಒಂದು ಮಗ್ಗುಲಿಗೆ ಮಲಗಿಸಿ, ಸ್ವಲ್ಪ ಬಿಟ್ಟು ಇನ್ನೊಂದು ಮಗ್ಗುಲಿಗೆ ಮಲಗಿಸಿದಳು. ಎಣ್ಣೆ ಒಳಗೆಲ್ಲ ಹರಡಲಿ ಎಂದು. ಕೊನೆಗೆ ಬ್ಲೌಸಿನ ತುಂಡು ಬಟ್ಟೆಯಲ್ಲಿ ಹೊರಗೆಲ್ಲ ಒರೆಸಿದಳು, ಎರಡು ತೂತನ್ನೂ ಬಿಡದೆ.

ಕರೆಯಲಿಲ್ಲ. ನೀರನ್ನೂ ಕುಡಿಯದೆ ಹೋಗಿ ಮಲಗಿದೆ.

೮ ನವೆಂಬರ್, ಶನಿವಾರ

ಅಕ್ಷಿತಾಳನ್ನು ಕೇಳಿದೆ. ಅವಳು ನನ್ನನ್ನೇ ವಿಚಿತ್ರವಾಗಿ ನೋಡಿದಳು. "ಅಮ್ಮ ಮಿಷನಿಗೆ ಎಣ್ಣೆ ಹಾಕುವ ಶುಕ್ರವಾರ ಸೈಕಲಿಗೂ ಹಾಕ್ತಾರಲ್ಲ. ನಾನು ಎರಡನೇ ಕ್ಲಾಸಿನಲ್ಲಿರುವಾಗ ಸೈಕಲ್ ಹಿಡಿದುಕೊಳ್ತಿದ್ದೆ. ನಿಮಗೆ ಗೊತ್ತಿಲ್ವಾ ಪಪ್ಪ?"

ಆ ಹೊತ್ತಿಗೆ ನಾನು ಬಹ್ರೈನಿನಲ್ಲಿದ್ದೆ. ಬಂದ ಮೇಲೆ ಆ ಹೊತ್ತಿಗೆ ನಿದ್ದೆ ಮಾಡುತ್ತಿದ್ದೆ.

ಯಾಕೆ ಹಾಕುತ್ತಾಳೆ ಎಂದು ಕೇಳಿದ್ದಕ್ಕೆ, ಅಮ್ಮನನ್ನೇ ಕೇಳಿ ಎಂದಳು. ಇನ್ನೂ ಕೇಳಿಲ್ಲ. ಮೂವತ್ತೇಳು ವರ್ಷಕ್ಕೆ ಶುಕ್ರವಾರ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟೆ. ಬ್ಲೌಸು ಹೊಲಿಯುವವಳು ಎಂದು ಅಕ್ಟೋಬರಿನಲ್ಲಿ ಬರೆದದ್ದನ್ನು ಈಗ ಓದಿದೆ. ಅದರ ಮೇಲೆ ಗೀಟು ಎಳೆದು ಹೊಡೆದುಹಾಕಿದ್ದೇನೆ.

೧೬ ನವೆಂಬರ್, ಭಾನುವಾರ

ಮೋಹನದಾಸರು ಹತ್ತು ಗಂಟೆಗೆ ಬಂದರು. ಮುಖೇಶನೂ ಬಂದಿದ್ದ, ಕಿಲೋಗೆ ಎಷ್ಟು ಬೀಳುತ್ತದೆಂದು ನೋಡಲು. ಅಂಗಳದಲ್ಲಿ ಚಾಪೆ ಹಾಸಿ ಸೈಕಲನ್ನು ನಿಲ್ಲಿಸಿದೆವು. ಮೊದಲು ಅವರು ಬಿಲ್ಲೆ ನೋಡಬೇಕೆಂದರು. ಕಾಲು ತೊಳೆದು ದೇವರ ಕೋಣೆಗೆ ಹೋದವರು ಅಭ್ಯಾಸಬಲದಿಂದ ಕೈ ಮುಗಿದು, ಆಮೇಲೆ ಕನ್ನಡಕ ಹಾಕಿಕೊಂಡರು. ಸೈಕಲಿನ ಪೆಡಲು ಕೂಡುವ ಜಾಗದ ಅಡಿಯ ನಂಬರನ್ನು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ತೆಗೆದರು. ಹಲ್ಲುಚಕ್ರ, ಬ್ರೇಕು, ಹಬ್ಬು ಎಲ್ಲ ಒಂದೇ ಕಾಲದ್ದು, ಯಾವುದೂ ಬದಲಾಗಿಲ್ಲ ಎಂದರು. ಮೊಯ್ದೀನಬ್ಬರು ಹೇಳಿದ್ದೊಂದೂ ತಪ್ಪಾಗಲಿಲ್ಲ, ಇಪ್ಪತ್ತೇಳು ಪಾಯಿಂಟ್ ಎರಡು ಸಹಿತ.

ಕೊನೆಗೆ ಸೀಟಿನ ಕಂಬ ತೆಗೆದು ಬಗ್ಗುವ ಕತ್ತಿನ ಟಾರ್ಚನ್ನು ಪೈಪಿನೊಳಗೆ ಇಳಿಸಿದರು. ಬಹಳ ಹೊತ್ತು ನೋಡಿದರು. ನಾನು ಹಾಳೆಯನ್ನು ಜೇಬಿನಲ್ಲಿ ಹಿಡಿದುಕೊಂಡೇ ನಿಂತಿದ್ದೆ.

ಒಂದು ಲಕ್ಷ ಇಪ್ಪತ್ತೈದು ಸಾವಿರ ಕೊಡುತ್ತೇನೆ ಎಂದರು. ಮುಖೇಶನ ಕೈಯ ಕಾಫಿ ಲೋಟ ಅರ್ಧದಲ್ಲಿ ನಿಂತಿತು. ಅದನ್ನು ನಾನು ಸರಿಯಾಗಿ ನೋಡಿಕೊಂಡಿದ್ದೇನೆ. ಒಳಗೆ ತುಕ್ಕು ಹಿಡಿದಿದ್ದರೆ ನಲವತ್ತು ಸಾವಿರವೂ ಇಲ್ಲ ಎಂದರು ಮೋಹನದಾಸರು. ಉಕ್ಕು ವಿಲಾಯತಿಯಾದರೂ ಉಪ್ಪುಗಾಳಿಗೆ ಕನಿಕರವಿಲ್ಲ, ಇಷ್ಟು ತೆಳು ಪೈಪು ಈ ಊರಿನಲ್ಲಿ ನಾಲ್ಕು ಮಳೆಗಾಲ ಬಾಳುವುದೂ ಕಷ್ಟ, ಇದರ ಒಳಗೆ ಕನ್ನಡಿಯ ಹಾಗಿದೆ ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಮೆಕ್ಯಾನಿಕ್ಕಿನ ಕೈ ಅಂದ್ರೆ ಇದು ಜಯಣ್ಣ. ಎಷ್ಟು ವರ್ಷದಿಂದ ಹೀಗೆ ಎಣ್ಣೆ ಹಾಕ್ತಾ ಇದ್ದೀರಿ?" ಎಂದು ಕೇಳಿದರು.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹೇಮಾಕ್ಷಿ ಬಾಗಿಲ ಹತ್ತಿರ ನಿಂತು ತಟ್ಟೆಯಲ್ಲಿ ಚಕ್ಕುಲಿ ಜೋಡಿಸುತ್ತಿದ್ದಳು. ಅವಳು ಮಾತ್ರ ನೋಡಲಿಲ್ಲ.

"ನಾನಲ್ಲ. ನಾನು ತಂದು ನಿಲ್ಲಿಸಿದ್ದು ಮಾತ್ರ. ಕಾಪಾಡಿದ್ದು ಇವಳು" ಎಂದೆ. ಶುರು ಮಾಡಿದ ಮೇಲೆ ಅರ್ಧಕ್ಕೆ ಬಿಡುವುದು ಸರಿಯಲ್ಲವೆಂದು ಪೂರ್ತಿ ಹೇಳಿದೆ. ಎಣ್ಣೆ ಡಬ್ಬಿಯ ಮೂತಿ, ಎಣಿಸಿ ಬಿಡುವುದು, ಎರಡು ಮಗ್ಗುಲಿಗೆ ಮಲಗಿಸುವುದು, ಬ್ಲೌಸಿನ ತುಂಡು, ಪೇಂಟ್ ಹಚ್ಚಬಾರದೆಂದು ಬ್ರಶ್ ಅಡಗಿಸಿದ್ದು, ಅವಳಿಗೆ ಇದನ್ನು ಯಾರೂ ಕಲಿಸದಿದ್ದದ್ದು. ಬಹ್ರೈನಿನಲ್ಲಿ ನಮ್ಮ ಕೈಕೆಳಗೆ ಡಿಪ್ಲೊಮಾ ಆದ ಹುಡುಗರಿಗೂ ಇಷ್ಟು ಶಿಸ್ತು ಇರಲಿಲ್ಲ ಎಂದೂ ಹೇಳಿದೆ. ಕಾಲು ಗಂಟೆ ಮಾತಾಡಿದೆನಂತೆ, ಅಕ್ಷಿತಾ ಹೇಳುತ್ತಾಳೆ. ಜೇಬಿನ ಹಾಳೆಯನ್ನು ತೆಗೆಯಲು ಮರೆತೇಹೋಯಿತು.

ಮೋಹನದಾಸರು ಎದ್ದು ಹೇಮಾಕ್ಷಿಗೆ ನಮಸ್ಕಾರ ಮಾಡಿದರು. ಹಾಗಾದರೆ ಬೆಲೆ ಅಕ್ಕನ ಹತ್ತಿರ ಮಾತಾಡಬೇಕು ಎಂದರು. ಅವಳು ಚಕ್ಕುಲಿ ತಟ್ಟೆಯನ್ನು ಅವರ ಮುಂದೆ ಇಟ್ಟು ಕುರ್ಚಿ ಎಳೆದು ಕೂತಳು. ಬಂದರಿನಲ್ಲಿ ಅಂಜಲ್ ಮೀನಿಗೆ ಚೌಕಾಸಿ ಮಾಡಿ ಇಳಿಸುವವಳು, ಇವತ್ತು ಏರಿಸಲು ಕೂತದ್ದನ್ನು ಮೊದಲ ಸಲ ನೋಡಿದೆ. ಇಂಥದ್ದು ದೇಶದಲ್ಲಿ ಇನ್ನೊಂದಿಲ್ಲ ಎಂದು ಫೋನಿನಲ್ಲಿ ಹೇಳಿದವರು ನೀವೇ ಅಲ್ಲವಾ ಎಂದಳು. ಒಂದು ಲಕ್ಷ ನಲವತ್ತಾಯಿತು. ಬಿಲ್ಲೆಯನ್ನು ದೇವರ ಕೋಣೆಯಿಂದ ಕಳಿಸಬೇಕಾದರೆ ಪೂಜೆ ಮಾಡಿಸಬೇಕಾಗುತ್ತದೆ ಎಂದಳು. ಒಂದು ಅರವತ್ತು. ಚಕ್ಕುಲಿ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಒಂದು ಎಪ್ಪತ್ತೈದು. ಮುಖೇಶ ಬಾಯಿ ಹಾಕಲು ಬಂದ, ಅಕ್ಕನ ಒಂದು ನೋಟಕ್ಕೆ ಮುಚ್ಚಿಕೊಂಡ. ಕೊನೆಗೆ ಮೋಹನದಾಸರು ಬೆವರು ಒರೆಸಿಕೊಂಡು, "ಒಂದು ಎಂಬತ್ತೈದು. ಇದರ ಮೇಲೆ ನನ್ನ ಹೆಂಡತಿ ಮನೆಗೆ ಸೇರಿಸುವುದಿಲ್ಲ ಅಕ್ಕ" ಎಂದರು.

ಹೇಮಾಕ್ಷಿ ಎದ್ದು ನಿಂತು ಸೆರಗು ಸರಿಮಾಡಿಕೊಂಡಳು. "ಸಾಕು. ಬೆಲೆ ಗೊತ್ತಾಯ್ತಲ್ಲ. ಇದು ಮಾರ್ಲಿಕ್ಕೆ ಇಲ್ಲ. ನೀವು ಊಟ ಮಾಡಿಕೊಂಡೇ ಹೋಗಬೇಕು" ಎಂದಳು.

ಮೋಹನದಾಸರು ಒಳ್ಳೆಯ ಮನುಷ್ಯ. ಜೋರಾಗಿ ನಕ್ಕು, ಎರಡು ಸಲ ಸಾರು ಹಾಕಿಸಿಕೊಂಡು ಊಟ ಮಾಡಿದರು. ಈ ಸೈಕಲಿನ ಅಳತೆಯ ಟಯರು ಎರಡು ಕಳಿಸಿಕೊಡುವುದಾಗಿ ಹೇಳಿ ಹೋದರು. ಮುಖೇಶ ಊಟಕ್ಕೆ ನಿಲ್ಲಲಿಲ್ಲ.

ಎಲ್ಲ ಮುಗಿದ ಮೇಲೆ, ಅಷ್ಟು ಏರಿಸಿದವಳು ಎರಡು ಲಕ್ಷಕ್ಕೆ ಯಾಕೆ ಹೋಗಲಿಲ್ಲ ಎಂದು ಅವಳನ್ನು ಕೇಳಿದೆ. ಅವಳು ಮಿಷನಿನ ಡ್ರಾಯರಿನಿಂದ ಪೇಪರು ತೆಗೆದು ಚಿನ್ನದ ರೇಟಿನ ಮೂಲೆಯನ್ನು ತೋರಿಸಿದಳು. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಗುಣಿಸಿದ್ದಳು. ಎರಡು ಪವನೆಂದರೆ ಹದಿನಾರು ಗ್ರಾಮು, ಒಂದು ಲಕ್ಷ ಎಂಬತ್ತಮೂರು ಸಾವಿರ ಚಿಲ್ಲರೆ.

"ನಿಮ್ಮ ಸೈಕಲ್ ಗೆದ್ದಿತು. ಇನ್ನು ಬಳೆಯ ಮಾತು ಈ ಮನೆಯಲ್ಲಿ ಇಲ್ಲ" ಎಂದಳು.

ಎಷ್ಟೋ ವರ್ಷದಿಂದ ಕಾದ ಮಾತು. ನಾನು ಗೆದ್ದೆ ಎಂದು ಬರೆಯಬಹುದು, ಬರೆಯಲು ಬಹಳ ಖುಷಿಯೂ ಆಗುತ್ತಿದೆ. ಆದರೆ ಅಲ್ಲಿ ನಿಂತುಕೊಂಡು ನನಗೆ ಬಾಯಿಗೆ ಬಂದದ್ದು ಬೇರೆಯೇ. ಇಷ್ಟು ಬೇಸರ ಇದ್ದ ಸೈಕಲಿಗೆ ಯಾಕೆ ಎಣ್ಣೆ ಹಾಕಿದೆ ಎಂದು ಕೇಳಿಯೇಬಿಟ್ಟೆ.

ಅವಳು ಪೇಪರನ್ನು ಮಡಚುತ್ತಾ ಹೇಳಿದಳು. "ತುಕ್ಕು ಹಿಡಿದಿದ್ರೆ ಊರೆಲ್ಲ ನಿಮ್ಮನ್ನು ನೋಡಿ ನಗ್ತಿತ್ತು. ನಿಮ್ಮನ್ನು ನೋಡಿ ನಗುವುದು ನಾನು. ಅದನ್ನು ಬೇರೆಯವರಿಗೆ ಬಿಟ್ಟುಕೊಡ್ಲಿಕ್ಕೆ ನನಗೆ ಆಗುವುದಿಲ್ಲ."

ನಾಳೆ ಕೇಳಿದರೆ ಹಾಗೆ ಹೇಳಿಯೇ ಇಲ್ಲ ಎನ್ನುತ್ತಾಳೆ, ಅವಳ ಗುಣ ನನಗೆ ಗೊತ್ತು. ಅದಕ್ಕೇ ಬರೆದಿಟ್ಟಿದ್ದೇನೆ, ತಾರೀಕು ಸಹಿತ.